ಇಂಧನ ಯೋಜನಾ ತಂತ್ರಾಂಶದಲ್ಲಿ ಎಥೆನಾಲ್ ಘಟಕ: ಲೆಕ್ಕವಿಡುವ ಕ್ರಮ

2025ರ ನವೆಂಬರ್ ತಿಂಗಳಲ್ಲಿ ರಾಜ್ಯದ ಮಾರುಕಟ್ಟೆ ಪ್ರಾಂಗಣಗಳಲ್ಲಿ ಮೆಕ್ಕೆಜೋಳದ ಧಾರಣೆಯು ಕ್ವಿಂಟಲಿಗೆ 2,400 ರೂ. ಬೆಂಬಲ ಬೆಲೆಗಿಂತ ಬಹಳಷ್ಟು ಕೆಳಗಿಳಿದು, ರೈತರು ಬೀದಿಗಿಳಿಯುವ ಸ್ಥಿತಿ ಬಂದುದು ವರ್ತಕರಿಗೆಲ್ಲ ತಿಳಿದ ಸಂಗತಿ. ಅದೇ ಸಮಯಕ್ಕೆ ಹೊರಬಿದ್ದ ಇನ್ನೊಂದು ಅಂಕಿಯತ್ತ ಹೆಚ್ಚಿನ ಗಮನ ಹರಿಯಲಿಲ್ಲ. 2025-26ರ ಎಥೆನಾಲ್ ಪೂರೈಕೆ ವರ್ಷಕ್ಕೆ ತೈಲ ಕಂಪನಿಗಳು ಕೇಳಿದ್ದು ಸುಮಾರು 1,050 ಕೋಟಿ ಲೀಟರ್; ದೇಶದ ಘಟಕಗಳು ಪೂರೈಸಲು ಮುಂದೆ ಬಂದದ್ದು 1,776 ಕೋಟಿ ಲೀಟರ್. ಅಂದರೆ ಕೊಡಲು ಸಿದ್ಧವಿದ್ದ ಪ್ರತಿ 100 ಲೀಟರಿನಲ್ಲಿ ಸರಾಸರಿ 59 ಲೀಟರಿಗೆ ಮಾತ್ರ ಕೊಳ್ಳುವವರಿದ್ದರು.

ಇಷ್ಟೊಂದು ಅಂತರ ಒಂದೇ ದಿನದಲ್ಲಿ ಉಂಟಾಗುವಂಥದಲ್ಲ. ಘಟಕಗಳನ್ನು ಸ್ಥಾಪಿಸುವ ಮುನ್ನ ಯೋಜನಾ ವರದಿಗಳು ಸಿದ್ಧವಾಗುತ್ತವೆ. ಸರ್ಕಾರದ ಮಟ್ಟದಲ್ಲಿ ಇಂಧನ ಮುನ್ನೋಟಗಳು ತಯಾರಾಗುತ್ತವೆ. ಬ್ಯಾಂಕುಗಳು ಇವನ್ನು ಆಧರಿಸಿ ಸಾಲ ಮಂಜೂರು ಮಾಡುತ್ತವೆ. ಇಂತಹ ಮುನ್ನೋಟಗಳನ್ನು ಈಗ ಬಹುಮಟ್ಟಿಗೆ ಗಣಕಯಂತ್ರದ ತಂತ್ರಾಂಶಗಳ ನೆರವಿನಿಂದಲೇ ಸಿದ್ಧಪಡಿಸಲಾಗುತ್ತದೆ. ಇಂಧನ ಸಂಸ್ಕರಣಾ ಘಟಕವೊಂದನ್ನು ಅಂತಹ ತಂತ್ರಾಂಶದೊಳಗೆ ಹೇಗೆ ನಮೂದಿಸಲಾಗುತ್ತದೆ, ಎಲ್ಲೆಲ್ಲಿ ತಪ್ಪುವ ಸಂಭವವಿದೆ, ಆ ತಪ್ಪು ಮಂಡಿಯ ವರ್ತಕನನ್ನೂ ಸಣ್ಣ ಕೈಗಾರಿಕೆಯವನನ್ನೂ ಹೇಗೆ ತಟ್ಟುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಉದಾಹರಣೆಗೆ ಮೆಕ್ಕೆಜೋಳದಿಂದ ಎಥೆನಾಲ್ ತಯಾರಿಸುವ ಘಟಕವನ್ನು ಆರಿಸಿಕೊಳ್ಳಲಾಗಿದೆ.

ತಂತ್ರಾಂಶದ ಸ್ವರೂಪ

ಈ ಬಗೆಯ ತಂತ್ರಾಂಶಗಳಲ್ಲಿ ಬಹಳ ದೇಶಗಳು ಬಳಸುವಂಥದು ಸ್ಟಾಕ್‌ಹೋಮ್ ಪರಿಸರ ಸಂಸ್ಥೆಯು ನಿರ್ವಹಿಸುವ ‘ಲೀಪ್’. 1980ರ ದಶಕದ ಆರಂಭದಲ್ಲಿ ಕೀನ್ಯಾ ದೇಶದ ಸೌದೆಯ ಕೊರತೆಯನ್ನು ಅಧ್ಯಯನ ಮಾಡುವ ಸಲುವಾಗಿ ಇದು ರೂಪುಗೊಂಡಿತು. ದೀರ್ಘಕಾಲ ‘ಲಾಂಗ್-ರೇಂಜ್ ಎನರ್ಜಿ ಆಲ್ಟರ್ನೇಟಿವ್ಸ್ ಪ್ಲಾನಿಂಗ್’ ಎಂಬ ಹೆಸರಿನಲ್ಲಿದ್ದು, ಅನಂತರ ‘ಲೋ ಎಮಿಷನ್ಸ್ ಅನಾಲಿಸಿಸ್ ಪ್ಲಾಟ್‌ಫಾರ್ಮ್’ ಎಂದು ಹೆಸರು ಬದಲಾಯಿಸಿಕೊಂಡಿತು. ಎರಡರ ಮೊದಲಕ್ಷರಗಳು ಒಂದೇ.

ಇದರ ರಚನೆಯು ಮೂರು ಭಾಗಗಳಲ್ಲಿದೆ: ಬೇಡಿಕೆ, ಪರಿವರ್ತನೆ ಮತ್ತು ಸಂಪನ್ಮೂಲ. ವಾಹನಗಳು, ಮನೆಗಳು, ಕಾರ್ಖಾನೆಗಳು ಬಳಸುವ ಇಂಧನ ಬೇಡಿಕೆಯ ಭಾಗದಲ್ಲಿ ಬರುತ್ತದೆ. ಕಚ್ಚಾ ತೈಲ, ಕಲ್ಲಿದ್ದಲು, ಜೈವಿಕ ಕಚ್ಚಾವಸ್ತು ಮುಂತಾದವು ಸಂಪನ್ಮೂಲಗಳು. ಇವೆರಡರ ನಡುವೆ ನಿಂತು ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ತೈಲ ಶುದ್ಧೀಕರಣಾಗಾರ, ವಿದ್ಯುತ್ ಸ್ಥಾವರ, ಇದ್ದಿಲು ಗೂಡು, ಎಥೆನಾಲ್ ಘಟಕ ಇವೆಲ್ಲ ಪರಿವರ್ತನೆಯ ಭಾಗಕ್ಕೆ ಸೇರುತ್ತವೆ. ಲೆಕ್ಕಾಚಾರವು ಬೇಡಿಕೆಯಿಂದ ಆರಂಭವಾಗಿ ಹಿಂದಕ್ಕೆ ಸಾಗುತ್ತದೆ. ಇಷ್ಟು ಎಥೆನಾಲ್ ಬೇಕೆಂದಾದರೆ ಎಷ್ಟು ಮೆಕ್ಕೆಜೋಳ ಬೇಕು, ಅದನ್ನು ಬೇಯಿಸಿ ಭಟ್ಟಿ ಇಳಿಸಲು ಎಷ್ಟು ಉರುವಲು ಬೇಕು ಎಂಬ ಕ್ರಮದಲ್ಲಿ ಅದು ಮುಂದುವರಿಯುತ್ತದೆ.

ಲೆಕ್ಕಪತ್ರ ಬಲ್ಲವರಿಗೆ ಇದು ಹೊಸದೇನಲ್ಲ. ವಾಣಿಜ್ಯ ಪದವಿಯಲ್ಲಿ ಓದಿದ ಪ್ರಕ್ರಿಯಾ ಖಾತೆಯೇ ಇಲ್ಲಿ ಬೇರೆ ವೇಷದಲ್ಲಿದೆ. ಖರ್ಚಿನ ಬದಿಗೆ ಕಚ್ಚಾವಸ್ತು ಮತ್ತು ಇತರ ಸಾಮಗ್ರಿ. ಜಮಾ ಬದಿಗೆ ಮುಖ್ಯ ಉತ್ಪನ್ನ, ಉಪೋತ್ಪನ್ನ ಮತ್ತು ಸಾಮಾನ್ಯ ನಷ್ಟ. ವ್ಯತ್ಯಾಸವಿಷ್ಟೇ: ಅಲ್ಲಿ ರೂಪಾಯಿ, ಇಲ್ಲಿ ಶಾಖದ ಪ್ರಮಾಣ.

ಒಂದು ಟನ್ ಮೆಕ್ಕೆಜೋಳದ ಖಾತೆ

ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ಎಥೆನಾಲ್ ಮಿಶ್ರಣದ ಮಾರ್ಗನಕ್ಷೆಯಲ್ಲಿ ಪ್ರತಿ ಟನ್ ಕಚ್ಚಾವಸ್ತುವಿಗೆ ದೊರೆಯುವ ಎಥೆನಾಲ್ ಪ್ರಮಾಣವನ್ನು ಹೀಗೆ ಕೊಡಲಾಗಿದೆ:

ಕಬ್ಬಿನ ರಸ (ಪ್ರತಿ ಟನ್ ಕಬ್ಬಿಗೆ): 70 ಲೀಟರ್
ಸಿ-ಹೆವಿ ಕಾಕಂಬಿ: 225 ಲೀಟರ್
ಬಿ-ಹೆವಿ ಕಾಕಂಬಿ: 300 ಲೀಟರ್
ಮೆಕ್ಕೆಜೋಳ: 380 ಲೀಟರ್
ಹಾಳಾದ ಆಹಾರಧಾನ್ಯ: 400 ಲೀಟರ್
ಆಹಾರ ನಿಗಮದ ಅಕ್ಕಿ: 450 ಲೀಟರ್

380 ಲೀಟರ್ ಎಥೆನಾಲಿನ ತೂಕ ಸುಮಾರು 300 ಕೆ.ಜಿ. ಹುದುಗುವಿಕೆಯಲ್ಲಿ ಹೊರಬೀಳುವ ಇಂಗಾಲದ ಡೈ ಆಕ್ಸೈಡ್ ಸುಮಾರು 285 ಕೆ.ಜಿ. ಉಳಿದ ಗಷ್ಟನ್ನು ಒಣಗಿಸಿದಾಗ ದೊರೆಯುವ, ಕೋಳಿ ಮತ್ತು ದನಗಳ ಮೇವಿಗೆ ಹೋಗುವ ಡಿ.ಡಿ.ಜಿ.ಎಸ್. ಸುಮಾರು 300 ಕೆ.ಜಿ. ತೇವಾಂಶ ಹಾಗೂ ಇತರ ನಷ್ಟ 115 ಕೆ.ಜಿ. ಎಂದು ಹಿಡಿದರೆ ಒಂದು ಟನ್ನಿನ ಖಾತೆ ಸರಿದೂಗುತ್ತದೆ. ಜೋಳದ ಮೂರರಲ್ಲೊಂದು ಪಾಲು ವಾಹನಕ್ಕೆ, ಮೂರರಲ್ಲೊಂದು ಪಾಲು ಕೋಳಿ ಫಾರಂಗೆ, ಉಳಿದದ್ದು ಬಹುಪಾಲು ಗಾಳಿಗೆ ಎಂದು ಸ್ಥೂಲವಾಗಿ ನೆನಪಿಟ್ಟುಕೊಳ್ಳಬಹುದು.

ತಂತ್ರಾಂಶವು ಕೇಳುವುದು ತೂಕವನ್ನಲ್ಲ, ಕ್ಷಮತೆಯನ್ನು. ಎಂದರೆ ಒಳಹೋದ ಶಾಖಮೌಲ್ಯದಲ್ಲಿ ಶೇಕಡಾ ಎಷ್ಟು ಇಂಧನವಾಗಿ ಹೊರಬಂದಿತು ಎಂಬುದನ್ನು. ಮೆಕ್ಕೆಜೋಳದ ಶಾಖಮೌಲ್ಯವನ್ನು ಕೆ.ಜಿ.ಗೆ 16 ಮೆಗಾಜೌಲ್, ಎಥೆನಾಲಿನದನ್ನು ಲೀಟರಿಗೆ 21.1 ಮೆಗಾಜೌಲ್ ಎಂದು ಹಿಡಿದರೆ ಒಳಗೆ ಹೋದದ್ದು 16,000, ಹೊರಬಂದದ್ದು 8,018 ಮೆಗಾಜೌಲ್, ಕ್ಷಮತೆ ಶೇ. 50.

ಮೊದಲನೆಯ ಎಚ್ಚರ: ಒಂದೇ ಘಟಕ, ಮೂರು ಕ್ಷಮತೆ

ಮೇಲಿನ ಲೆಕ್ಕದಲ್ಲಿ ಡಿ.ಡಿ.ಜಿ.ಎಸ್. ಅನ್ನು ಇಂಧನವೆಂದು ಪರಿಗಣಿಸಿಲ್ಲ. ಅದನ್ನೂ ಉತ್ಪನ್ನದ ಸಾಲಿಗೆ ಸೇರಿಸಿ, ಕೆ.ಜಿ.ಗೆ 18 ಮೆಗಾಜೌಲಿನಂತೆ 5,400 ಮೆಗಾಜೌಲ್ ಜಮಾ ಮಾಡಿದರೆ ಅದೇ ಘಟಕದ ಕ್ಷಮತೆ ಶೇ. 84ಕ್ಕೆ ಏರುತ್ತದೆ. ಇನ್ನು ಬಾಯ್ಲರಿಗೆ ಹಾಕಿದ ಉರುವಲನ್ನೂ ಖರ್ಚಿನ ಬದಿಗೆ ಬರೆದರೆ ಅದು ಶೇ. 39ಕ್ಕೆ ಇಳಿಯುತ್ತದೆ.

ಈ ಮೂರು ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ತಂತ್ರಾಂಶದ ಕ್ಷಮತೆಯ ಅಂಕಣಕ್ಕೆ ಸಲ್ಲುವುದು ಒಂದೇ. ಲೀಪ್‌ನಲ್ಲಿ ಕ್ಷಮತೆ ಎಂದರೆ ಕಚ್ಚಾವಸ್ತುವಿಗೂ ಉತ್ಪನ್ನ ಇಂಧನಕ್ಕೂ ಇರುವ ಅನುಪಾತ ಮಾತ್ರ. ಬಾಯ್ಲರಿನ ಉರುವಲಿಗೆ ‘ಸಹಾಯಕ ಇಂಧನ’ ಎಂಬ ಪ್ರತ್ಯೇಕ ಅಂಕಣವಿದೆ. ಕ್ಷಮತೆಯಲ್ಲಿಯೇ ಉರುವಲನ್ನು ಕಳೆದು ಶೇ. 39 ಎಂದು ಬರೆದು, ಮತ್ತೆ ಸಹಾಯಕ ಇಂಧನದ ಅಂಕಣವನ್ನೂ ತುಂಬಿದರೆ ಒಂದೇ ಖರ್ಚು ಎರಡು ಬಾರಿ ಬಿದ್ದಂತಾಗುತ್ತದೆ. ಶೇ. 84 ಎಂದು ಬರೆದು ಎಥೆನಾಲನ್ನು ಮಾತ್ರ ಉತ್ಪನ್ನವಾಗಿ ತೋರಿಸಿದರೆ ಜೋಳದ ಅಗತ್ಯವು ವಾಸ್ತವಕ್ಕಿಂತ ಶೇ. 40ರಷ್ಟು ಕಡಿಮೆಯಾಗಿ ಕಾಣುತ್ತದೆ. ಯೋಜನಾ ವರದಿಯಲ್ಲಿ ಕ್ಷಮತೆಯ ಅಂಕಿ ಕಂಡಾಗ ಯಾವುದರ ಮೇಲೆ ಯಾವುದನ್ನು ಭಾಗಿಸಿ ಬಂದದ್ದು ಎಂದು ಕೇಳುವುದು ಆದ್ಯ ಕರ್ತವ್ಯ.

ಎರಡನೆಯ ಎಚ್ಚರ: ಮರೆತುಹೋಗುವ ಉರುವಲು

ಎಥೆನಾಲ್ ಘಟಕದ ಚರ್ಚೆಗಳಲ್ಲಿ ಧಾನ್ಯದ ಪ್ರಸ್ತಾಪವೇ ಮುಂದಿರುತ್ತದೆ, ಉರುವಲಿನದು ಹಿಂದುಳಿಯುತ್ತದೆ. ಧಾನ್ಯವನ್ನು ಬೇಯಿಸಲು, ಭಟ್ಟಿ ಇಳಿಸಲು, ಗಷ್ಟನ್ನು ಒಣಗಿಸಲು ಹಬೆ ಬೇಕು. ಲೀಟರಿಗೆ 3.5 ಕೆ.ಜಿ. ಹಬೆ, ಪ್ರತಿ ಕೆ.ಜಿ. ಹಬೆಗೆ 2.5 ಮೆಗಾಜೌಲ್, ಬಾಯ್ಲರಿನ ಕ್ಷಮತೆ ಶೇ. 75 ಎಂದು ಭಾವಿಸಿದರೆ ಪ್ರತಿ ಲೀಟರ್ ಎಥೆನಾಲಿಗೆ 11.7 ಮೆಗಾಜೌಲಿನ ಉರುವಲು ಸುಡಬೇಕಾಗುತ್ತದೆ. ಎಥೆನಾಲಿನಲ್ಲಿರುವುದೇ 21.1 ಮೆಗಾಜೌಲ್. ತಂತ್ರಾಂಶದ ಸಹಾಯಕ ಇಂಧನದ ಅಂಕಣದಲ್ಲಿ ಉತ್ಪನ್ನದ ಪ್ರತಿ ಏಕಮಾನಕ್ಕೆ 0.55 ಎಂದು ಬರೆಯಬೇಕಾದುದು ಇದನ್ನೇ.

ಕೆ.ಜಿ.ಗೆ 13 ಮೆಗಾಜೌಲ್ ಶಾಖಮೌಲ್ಯದ ಭತ್ತದ ಹೊಟ್ಟನ್ನು ಸುಡುವುದಾದರೆ ಲೀಟರಿಗೆ 0.9 ಕೆ.ಜಿ. ಹೊಟ್ಟು ಬೇಕು. ದಿನಕ್ಕೆ 60 ಸಾವಿರ ಲೀಟರ್ ಸಾಮರ್ಥ್ಯದ ಘಟಕಕ್ಕೆ ದಿನವೊಂದಕ್ಕೆ 54 ಟನ್, ವರ್ಷಕ್ಕೆ 330 ದಿನಗಳಂತೆ ಸುಮಾರು 17,800 ಟನ್. ಇದೇ ಹೊಟ್ಟನ್ನು ನಂಬಿಕೊಂಡವರು ಸುತ್ತಮುತ್ತ ಇದ್ದಾರೆ: ಅಕ್ಕಿ ಗಿರಣಿಯ ಬಾಯ್ಲರ್, ಇಟ್ಟಿಗೆ ಗೂಡು, ಮಂಡಕ್ಕಿ ಭಟ್ಟಿ. ಸಹಾಯಕ ಇಂಧನದ ಅಂಕಣವನ್ನು ಖಾಲಿ ಬಿಟ್ಟ ಮುನ್ನೋಟದಲ್ಲಿ ಈ 17,800 ಟನ್ ಎಲ್ಲಿಯೂ ಕಾಣುವುದಿಲ್ಲ. ಕಂಡುಬರುವುದು ಘಟಕ ಆರಂಭವಾದ ಮೇಲೆ, ಹೊಟ್ಟಿನ ಲಾರಿಯ ದರ ಏರಿದಾಗ. ಬೆಲೆ ತೆರುವವರು ಆ ಯೋಜನೆಗೆ ಯಾವ ಸಂಬಂಧವೂ ಇಲ್ಲದ ಸಣ್ಣ ಉದ್ದಿಮೆದಾರರು.

ಮೂರನೆಯ ಎಚ್ಚರ: ಕಚ್ಚಾವಸ್ತುವನ್ನು ಬೆರೆಸಬಾರದು

ಹಲವು ಘಟಕಗಳು ಒಂದಕ್ಕಿಂತ ಹೆಚ್ಚು ಕಚ್ಚಾವಸ್ತುವನ್ನು ಬಳಸಬಲ್ಲವು. ಕೆಲಸ ಸುಲಭವಾಗಲೆಂದು ತಂತ್ರಾಂಶದಲ್ಲಿ ‘ಧಾನ್ಯ’ ಎಂಬ ಒಂದೇ ಹೆಸರಿನಲ್ಲಿ ಸರಾಸರಿ ಇಳುವರಿಯನ್ನು ನಮೂದಿಸುವುದುಂಟು. ಇದರ ಅಪಾಯವನ್ನು 2023ರ ಬೆಳವಣಿಗೆಗಳು ತೋರಿಸಿಕೊಟ್ಟಿವೆ.

ಆ ವರ್ಷದ ಜುಲೈಯಲ್ಲಿ ಎಥೆನಾಲ್ ತಯಾರಿಕೆಗೆ ಆಹಾರ ನಿಗಮದ ಅಕ್ಕಿಯ ಮಾರಾಟ ನಿಂತಿತು. ಡಿಸೆಂಬರ್ 7ರಂದು ಕಬ್ಬಿನ ರಸದ ಬಳಕೆಯನ್ನು ತಡೆಯುವ ಆದೇಶ ಹೊರಟು, ಕೆಲವೇ ದಿನಗಳಲ್ಲಿ ಮಿತಿಯೊಂದಿಗೆ ಸಡಿಲಗೊಂಡಿತು. 2024ರ ಆಗಸ್ಟ್‌ನಲ್ಲಿ ಈ ಎರಡೂ ನಿರ್ಬಂಧಗಳು ಸಡಿಲಗೊಂಡವು. ಆ ನಡುವಿನ ಅವಧಿಯಲ್ಲಿ ಘಟಕಗಳು ಮೆಕ್ಕೆಜೋಳದತ್ತ ಹೊರಳಿದವು. 2024ರ ಜನವರಿಯಲ್ಲಿ ಪ್ರೋತ್ಸಾಹಧನ ಸೇರಿ ಮೆಕ್ಕೆಜೋಳದ ಎಥೆನಾಲಿಗೆ ಲೀಟರಿಗೆ 71.86 ರೂ. ನಿಗದಿಯಾದುದು ಇದಕ್ಕೆ ಇಂಬು ನೀಡಿತು.

ದಿನಕ್ಕೆ 60 ಸಾವಿರ ಲೀಟರಿನ ಘಟಕಕ್ಕೆ ಅಕ್ಕಿಯಾದರೆ 133 ಟನ್ ಸಾಕು. ಮೆಕ್ಕೆಜೋಳವಾದರೆ 158 ಟನ್ ಬೇಕು. ‘ಧಾನ್ಯ’ ಎಂದು ಒಟ್ಟುಗೂಡಿಸಿದ ಮಾದರಿಗೆ ಈ ಶೇ. 18ರ ಹೆಚ್ಚಳ ತಿಳಿಯುವುದೇ ಇಲ್ಲ. ಆದ್ದರಿಂದ ಪ್ರತಿ ಕಚ್ಚಾವಸ್ತುವಿಗೂ ಪ್ರತ್ಯೇಕ ಪ್ರಕ್ರಿಯೆಯನ್ನು ತೆರೆದು, ಅದರದೇ ಇಳುವರಿ, ಅದರದೇ ಸಹಾಯಕ ಇಂಧನ ಬರೆಯುವುದು ಸರಿಯಾದ ಕ್ರಮ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾಕಂಬಿಯನ್ನೂ ಧಾನ್ಯವನ್ನೂ ಬಳಸಬಲ್ಲ ಘಟಕದ 60 ಸಾವಿರ ಲೀಟರ್ ಸಾಮರ್ಥ್ಯವನ್ನು ಎರಡೂ ಪ್ರಕ್ರಿಯೆಗಳ ಕೆಳಗೆ ಬರೆದರೆ ಕಾಗದದ ಮೇಲೆ 1.2 ಲಕ್ಷ ಲೀಟರ್ ಆಗುತ್ತದೆ. ಭಟ್ಟಿ ಇರುವುದು ಒಂದೇ. ಸಾಮರ್ಥ್ಯವನ್ನು ದಿನಗಳ ಲೆಕ್ಕದಲ್ಲಿ ಹಂಚಿಯೇ ನಮೂದಿಸಬೇಕು.

ನಾಲ್ಕನೆಯ ಎಚ್ಚರ: ಘಟಕವನ್ನು ಓಡಿಸುವುದು ಯಾವುದು?

ನಾಲ್ಕರಲ್ಲಿ ಅತಿ ಮುಖ್ಯವಾದುದು ಇದು. ತಂತ್ರಾಂಶದಲ್ಲಿ ಸ್ಥಾಪಿತ ಸಾಮರ್ಥ್ಯ, ವರ್ಷದಲ್ಲಿ ಗರಿಷ್ಠ ಲಭ್ಯತೆ (330 ದಿನವೆಂದರೆ ಶೇ. 90) ಇವುಗಳನ್ನು ಕೊಟ್ಟ ಮೇಲೆ, ಘಟಕವು ಯಾವ ನಿಯಮದಂತೆ ನಡೆಯಬೇಕೆಂದು ಸೂಚಿಸಬೇಕು. ‘ಪೂರ್ಣ ಸಾಮರ್ಥ್ಯಕ್ಕೆ ಓಡಲಿ’ ಎನ್ನಬಹುದು, ಇಲ್ಲವೇ ‘ಬೇಡಿಕೆ ಇದ್ದಷ್ಟೇ ಓಡಲಿ’ ಎನ್ನಬಹುದು. ಜೊತೆಗೆ ಕೊರತೆ ಬಿದ್ದರೆ ಆಮದು ಮಾಡಬೇಕೆ, ಹೆಚ್ಚಾದರೆ ರಫ್ತು ಮಾಡಬೇಕೆ ಅಥವಾ ವ್ಯರ್ಥವೆಂದು ಬರೆಯಬೇಕೆ ಎಂಬ ಪ್ರಶ್ನೆಗಳಿಗೂ ಉತ್ತರ ಕೊಡಬೇಕು.

ಪೂರ್ಣ ಸಾಮರ್ಥ್ಯ ಮತ್ತು ರಫ್ತು ಎಂಬೆರಡು ಉತ್ತರಗಳನ್ನು ಒಟ್ಟಿಗೆ ಕೊಟ್ಟರೆ ಪರಿಣಾಮ ಸುಂದರವಾಗಿ ಕಾಣುತ್ತದೆ. ತಯಾರಾದದ್ದೆಲ್ಲ ಮಾರಾಟವಾಗುತ್ತದೆ, ಏಕೆಂದರೆ ಉಳಿದದ್ದನ್ನು ತಂತ್ರಾಂಶವು ತಾನಾಗಿಯೇ ಗಡಿಯಾಚೆಗೆ ಸಾಗಿಸಿಬಿಡುತ್ತದೆ. ಕೊಳ್ಳುವವರು ಯಾರು, ಯಾವ ಬೆಲೆಗೆ ಎಂದು ಅದು ಕೇಳುವುದಿಲ್ಲ. ಆದರೆ ಪೆಟ್ರೋಲ್ ಮಿಶ್ರಣದ ಎಥೆನಾಲಿಗೆ ಗಿರಾಕಿಗಳು ತೈಲ ಕಂಪನಿಗಳು. ಅವು ಹಂಚಿಕೆ ಮಾಡಿದಷ್ಟೇ ಮಾರಾಟ.

ಮೇಲಿನ ಉದಾಹರಣೆಯ ಘಟಕಕ್ಕೆ ಇದನ್ನು ಅನ್ವಯಿಸಿದರೆ:

ಪೂರ್ಣ ಸಾಮರ್ಥ್ಯದಲ್ಲಿ: ಎಥೆನಾಲ್ 1.98 ಕೋಟಿ ಲೀಟರ್, ಮೆಕ್ಕೆಜೋಳ 52,100 ಟನ್
ಶೇ. 59ರ ಹಂಚಿಕೆಯಲ್ಲಿ: ಎಥೆನಾಲ್ 1.17 ಕೋಟಿ ಲೀಟರ್, ಮೆಕ್ಕೆಜೋಳ 30,740 ಟನ್

ಒಂದು ಘಟಕದಿಂದಲೇ ಸುಮಾರು 2.13 ಲಕ್ಷ ಕ್ವಿಂಟಲ್ ಮೆಕ್ಕೆಜೋಳದ ಖರೀದಿ ಇಲ್ಲವಾಗುತ್ತದೆ. ಮುನ್ನೋಟವನ್ನು ನಂಬಿ ಗೋದಾಮು ಕಟ್ಟಿಸಿದ ವರ್ತಕ, ಹೆಚ್ಚುವರಿ ಎಕರೆಗೆ ಜೋಳ ಬಿತ್ತಿದ ರೈತ ಇಬ್ಬರ ಮಾಲೂ ಅದೇ ಪ್ರಾಂಗಣಕ್ಕೆ ಮರಳುತ್ತದೆ.

ಘಟಕದ ಮಾಲೀಕನ ಲೆಕ್ಕವೂ ಬದಲಾಗುತ್ತದೆ. ಬಡ್ಡಿ, ಸವಕಳಿ, ಸಂಬಳ ಸೇರಿ ವಾರ್ಷಿಕ ಸ್ಥಿರ ವೆಚ್ಚ 12 ಕೋಟಿ ರೂ. ಎಂದು ಭಾವಿಸಿದರೆ ಪೂರ್ಣ ಸಾಮರ್ಥ್ಯದಲ್ಲಿ ಲೀಟರಿಗೆ 6.06 ರೂ. ಬೀಳುತ್ತದೆ, ಶೇ. 59ರಲ್ಲಿ 10.26 ರೂ. ಆಗುತ್ತದೆ. ವ್ಯತ್ಯಾಸ 4.20 ರೂ. ಟನ್ನಿಗೆ 380 ಲೀಟರಿನ ಇಳುವರಿಯಲ್ಲಿ ಮೆಕ್ಕೆಜೋಳದ ದರದ ಪ್ರತಿ 100 ರೂ. ಏರಿಳಿತವು ಲೀಟರಿಗೆ 2.63 ರೂ. ಆಗುವುದರಿಂದ, ಈ 4.20 ರೂ.ಯನ್ನು ಜೋಳದ ಬೆಲೆಯಿಂದಲೇ ತುಂಬಿಕೊಳ್ಳಬೇಕಾದರೆ ಕ್ವಿಂಟಲಿಗೆ 160 ರೂ. ಕಡಿಮೆ ಕೊಡಬೇಕಾಗುತ್ತದೆ. ಭಟ್ಟಿ ತಣ್ಣಗಿದ್ದ ದಿನಗಳ ಬಡ್ಡಿಯು ಕೊನೆಗೆ ಪ್ರಾಂಗಣದ ಹರಾಜಿನಲ್ಲಿ ಇಳಿಯುವುದು ಹೀಗೆ. ಡಿ.ಡಿ.ಜಿ.ಎಸ್. ದರವೂ ಇದೇ ಲೆಕ್ಕದೊಳಗೆ ಬರುತ್ತದೆ: ಅದು ಕೆ.ಜಿ.ಗೆ ಒಂದು ರೂಪಾಯಿ ಇಳಿದರೆ ಎಥೆನಾಲಿನ ಮೇಲೆ ಲೀಟರಿಗೆ 79 ಪೈಸೆಯ ಹೊರೆ.

ಲೀಟರಿನ ಭ್ರಮೆ

ಬೇಡಿಕೆಯ ಬದಿಯಲ್ಲಿಯೂ ಒಂದು ಎಡವಟ್ಟು ಸಾಮಾನ್ಯ. ಶೇ. 20ರ ಮಿಶ್ರಣವೆಂದರೆ ಪೆಟ್ರೋಲಿನ ಶೇ. 20ರಷ್ಟು ಉಳಿತಾಯವೆಂದು ಬರೆಯುವುದುಂಟು. ಲೀಟರಿನಲ್ಲಿ ಅದು ಸರಿ, ಶಾಖದಲ್ಲಿ ಅಲ್ಲ. ಪೆಟ್ರೋಲ್ ಲೀಟರಿಗೆ ಸುಮಾರು 32 ಮೆಗಾಜೌಲ್ ಕೊಟ್ಟರೆ ಎಥೆನಾಲ್ ಕೊಡುವುದು 21.1. ಮಿಶ್ರ ಇಂಧನದ ಒಟ್ಟು ಶಾಖದಲ್ಲಿ ಎಥೆನಾಲಿನ ಪಾಲು ಶೇ. 14 ಮಾತ್ರ. ತಂತ್ರಾಂಶವು ಶಾಖದಲ್ಲಿ ಲೆಕ್ಕ ಹಾಕುವುದರಿಂದ ಮಿಶ್ರಣದ ಪ್ರಮಾಣವನ್ನು ಶೇ. 20 ಎಂದೇ ಶಾಖದ ಅಂಕಣದಲ್ಲಿ ತುಂಬಿದರೆ ಎಥೆನಾಲಿನ ಬೇಡಿಕೆ ಶೇ. 40ರಷ್ಟು ಉಬ್ಬಿ ತೋರುತ್ತದೆ. ಸಾಮರ್ಥ್ಯದ ಲೆಕ್ಕವನ್ನು ಲೀಟರಿನಲ್ಲಿಯೂ ಬೇಡಿಕೆಯನ್ನು ಶಾಖದಲ್ಲಿಯೂ ಇಟ್ಟು ಹೋಲಿಸುವುದು ಕ್ವಿಂಟಲನ್ನೂ ಚೀಲವನ್ನೂ ಒಂದೇ ಸಾಲಿನಲ್ಲಿ ಕೂಡಿದಂತೆ.

ವರದಿ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು

ವರ್ತಕರೂ ಸಣ್ಣ ಕೈಗಾರಿಕೆಯವರೂ ಸ್ವತಃ ತಂತ್ರಾಂಶವನ್ನು ನಡೆಸಬೇಕಾಗಿಲ್ಲ. ಆದರೆ ಘಟಕದಲ್ಲಿ ಪಾಲು ಹಾಕುವಾಗ, ಧಾನ್ಯ ಅಥವಾ ಹೊಟ್ಟಿನ ಪೂರೈಕೆಗೆ ಕರಾರು ಮಾಡಿಕೊಳ್ಳುವಾಗ ಈ ಕೆಳಗಿನವುಗಳನ್ನು ಕೇಳುವುದು ಉಚಿತ:

1. ಕ್ಷಮತೆಯ ಅಂಕಿಯಲ್ಲಿ ಉಪೋತ್ಪನ್ನ ಮತ್ತು ಬಾಯ್ಲರ್ ಉರುವಲು ಸೇರಿವೆಯೇ?
2. ಸಹಾಯಕ ಇಂಧನ ಯಾವುದು, ವರ್ಷಕ್ಕೆ ಎಷ್ಟು ಟನ್, ಎಷ್ಟು ದೂರದಿಂದ ಬರುತ್ತದೆ?
3. ಪ್ರತಿ ಕಚ್ಚಾವಸ್ತುವಿಗೂ ಪ್ರತ್ಯೇಕ ಇಳುವರಿ ಬರೆಯಲಾಗಿದೆಯೇ? ಒಂದು ಕಚ್ಚಾವಸ್ತು ಆದೇಶದಿಂದ ನಿಂತರೆ ಏನಾಗುತ್ತದೆಂದು ತೋರಿಸಲಾಗಿದೆಯೇ?
4. ಘಟಕ ಓಡುವುದು ಸಾಮರ್ಥ್ಯದ ಆಧಾರದ ಮೇಲೋ, ಹಂಚಿಕೆಯ ಆಧಾರದ ಮೇಲೋ? ಹೆಚ್ಚುವರಿ ಎಲ್ಲಿಗೆ ಹೋಗುತ್ತದೆ?
5. ಬೇಡಿಕೆ ಮತ್ತು ಉತ್ಪಾದನೆ ಒಂದೇ ಅಳತೆಯಲ್ಲಿವೆಯೇ?

ಈ ಐದಕ್ಕೆ ಉತ್ತರ ದೊರೆತರೆ ಉಳಿದ ಲೆಕ್ಕವನ್ನು ಒಂದು ಹಾಳೆಯಲ್ಲಿಯೇ ಮಾಡಿ ನೋಡಬಹುದು. ಕನಿಷ್ಠ ಮೂರು ಸನ್ನಿವೇಶಗಳು ಆ ಹಾಳೆಯಲ್ಲಿರಬೇಕು: ಪೂರ್ಣ ಸಾಮರ್ಥ್ಯ, ವಾಸ್ತವಿಕ ಹಂಚಿಕೆ ಮತ್ತು ಮುಖ್ಯ ಕಚ್ಚಾವಸ್ತು ನಿಂತುಹೋದ ವರ್ಷ. ಮೂರರಲ್ಲಿಯೂ ಸಾಲದ ಕಂತು ತೀರುವುದಾದರೆ ಯೋಜನೆ ಸದೃಢ. ಮೊದಲನೆಯದರಲ್ಲಿ ಮಾತ್ರ ತೀರುವುದಾದರೆ ಪಾಲು ಹಾಕುವ ಮುನ್ನ ಮರುಚಿಂತನೆ ಅಗತ್ಯ.

ತಂತ್ರಾಂಶವು ಕೂಡಿ ಕಳೆಯುವುದರಲ್ಲಿ ತಪ್ಪುವುದಿಲ್ಲ. ಬರೆದುಕೊಟ್ಟ ಜಮಾ-ಖರ್ಚನ್ನು ಮುಂದಿನ ಇಪ್ಪತ್ತು ವರ್ಷಗಳಿಗೆ ಹಿಗ್ಗಿಸಿ ತೋರಿಸುವುದಷ್ಟೇ ಅದರ ಕೆಲಸ. ಮೊದಲ ವರ್ಷದ ಖಾತೆಯಲ್ಲಿ ಬಿಟ್ಟುಹೋದ ಹೊಟ್ಟಿನ ಲಾರಿ ಇಪ್ಪತ್ತನೆಯ ವರ್ಷದ ಖಾತೆಯಲ್ಲಿಯೂ ಬಿಟ್ಟುಹೋಗಿರುತ್ತದೆ. ಆದುದರಿಂದ ಕೊನೆಯ ಪುಟದ ನಕ್ಷೆಗಿಂತ ಮೊದಲ ಪುಟದ ಗ್ರಹಿಕೆಗಳನ್ನು ಓದುವ ಅಭ್ಯಾಸವೇ ವರ್ತಕನಿಗೆ ಲೇಸು.